ಅಂಗೈಯ ಬಿಸಿ

ಬಳ್ಳಾರಿ
ಭಾನುವಾರ, ಸಂಜೆ

ಚಿ. ಅಕ್ಷತಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳುತ್ತಲೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಮೂರನೆಯ ಪುಟದ ಕೊನೆಗೆ, ಇಂಗ್ಲೆಂಡಿನ ಚಳಿಯ ಮಾತಿಗೂ ಕೋಣೆಯ ಬಾಡಿಗೆಯ ಮಾತಿಗೂ ನಡುವೆ, ನೀನು ಒಂದು ಸಾಲು ಬರೆದಿರುವೆ. ಕಸಿಗೆ ಒಗ್ಗದೆಂದು ಶಸ್ತ್ರವೈದ್ಯರು ಬಿಟ್ಟುಕೊಟ್ಟ ಯಕೃತ್ತೊಂದನ್ನು, ದೇಹದಿಂದ ತೆಗೆದ ಅಂಗಗಳನ್ನು ಕಾಪಾಡುವ ನಿಮ್ಮ ಯಂತ್ರಕ್ಕೆ ಜೋಡಿಸಿ 37 ಡಿಗ್ರಿಯಲ್ಲಿ ರಕ್ತ ಹರಿಸಿದಾಗ ಅದು ಮೆಲ್ಲಗೆ ಕೆಂಪೇರಿ, ಸಣ್ಣ ಕೊಳವೆಯಲ್ಲಿ ಪಿತ್ತರಸ ತೊಟ್ಟಿಕ್ಕತೊಡಗಿದ್ದನ್ನು ಕಂಡು, 'ಇದು ಇಷ್ಟು ಬದುಕಿರುವುದಾದರೆ, ಕೊಟ್ಟವರು ಆ ಹೊತ್ತಿಗೆ ನಿಜವಾಗಿಯೂ ಸತ್ತಿದ್ದರೇ ದೊಡ್ಡಪ್ಪ?' ಎಂದು ಕೇಳಿರುವೆ. ಮುಂದಿನ ಸಾಲಿನಲ್ಲೇ ಬಾಡಿಗೆ ಬಂದಿದೆ. ನಾನು ಆ ಪತ್ರವನ್ನು ಮಡಚಿ ಪಂಚಾಂಗದೊಳಗೆ ಇಟ್ಟೆ, ಮತ್ತೆ ತೆಗೆದು ಓದಿದೆ. ಹನ್ನೊಂದು ದಿನ ಹೀಗೆಯೇ ಕಳೆಯಿತು.

ರಕ್ತನಿಧಿಯಲ್ಲಿ 31 ವರ್ಷ ತಂತ್ರಜ್ಞನಾಗಿದ್ದವನಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆಂದು ನೀನು ತಿಳಿದಿರಬೇಕು. ತಂತ್ರಜ್ಞನ ಉತ್ತರ ನನ್ನಲ್ಲಿದೆ. ಅದು ಬೇಕಾದಾಗ ನನ್ನ ಕೈಗೇ ಸಿಗದೆ ಹೋದ ದಿನವೂ ಒಂದಿದೆ. ಮೊದಲು ಉತ್ತರವನ್ನು ಬರೆಯುತ್ತೇನೆ.

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲವದು. ರಕ್ತ ಕೊಟ್ಟು, ಬಿಸ್ಕತ್ತು ತಿಂದು, ನಗುತ್ತ ಹೋದ ಒಬ್ಬ ಕ್ಲೀನರ್ ಹುಡುಗ ಹತ್ತನೆಯ ದಿನ ಸಂಡೂರಿನ ರಸ್ತೆಯಲ್ಲಿ ಲಾರಿಯಡಿ ಸಿಕ್ಕಿ ತೀರಿಕೊಂಡ. ಅವನ ರಕ್ತದ ಚೀಲ ಇನ್ನೂ ನನ್ನ ಫ್ರಿಜ್‌ನಲ್ಲಿತ್ತು. ಲೇಬಲ್ಲಿನ ಮೇಲೆ ನನ್ನದೇ ಅಕ್ಷರ. 2ರಿಂದ 6 ಡಿಗ್ರಿಯೊಳಗೆ ಇಟ್ಟರೆ ಆ ರಕ್ತ 35 ದಿನ ಬಾಳುತ್ತದೆ. ಇಪ್ಪತ್ತನೆಯ ದಿನ ಅದನ್ನು ಒಬ್ಬ ಬಾಣಂತಿಗೆ ಕೊಟ್ಟೆವು, ಆಕೆ ಉಳಿದಳು. ಹುಡುಗನ ಮಣ್ಣಾಗಿ ಹತ್ತು ದಿನವಾಗಿತ್ತು, ಅವನ ರಕ್ತಕಣಗಳು ಮಾತ್ರ ಬದುಕಿದ್ದವು. ಅದಕ್ಕಾಗಿ ಅವನೇ ಬದುಕಿದ್ದಾನೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಏಕೆ ಅನ್ನಿಸಲಿಲ್ಲವೆಂದು ನಿನ್ನ ಪತ್ರ ಬಂದ ಮೇಲೆ ಯೋಚಿಸಿದೆ. ಚೀಲ ತಣ್ಣಗಿತ್ತು, ಅಷ್ಟೇ. ಅದು ಬೆಚ್ಚಗಿದ್ದಿದ್ದರೆ ನಾನೂ ನಿನ್ನಂತೆಯೇ ಬೆದರುತ್ತಿದ್ದೆನೇನೋ.

ನಿಮ್ಮ ವಿದ್ಯೆಯೂ ಮೊದಲು ತಂಪಿನ ವಿದ್ಯೆಯೇ ಆಗಿತ್ತಲ್ಲವೇ? ರಕ್ತದ ಹರಿವು ನಿಂತ ಅಂಗದಲ್ಲಿ ಜೀವಕೋಶಗಳು ಶಕ್ತಿಯಿಲ್ಲದೆ ಸೋಡಿಯಂ ಹೊರಹಾಕಲಾರದೆ ನೀರು ಕುಡಿದು ಊದಿಕೊಳ್ಳುತ್ತವೆ. 4 ಡಿಗ್ರಿಗೆ ಇಳಿಸಿದರೆ ಅವುಗಳ ಹಸಿವೇ ಕುಗ್ಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಬೆಲ್ಜರ್ ಮತ್ತು ಸದರ್ಡ್ ಎಂಬವರು 1980ರ ದಶಕದಲ್ಲಿ ಮಾಡಿದ ದ್ರಾವಣ ಆ ಊತವನ್ನು ತಡೆದು, ಯಕೃತ್ತನ್ನು ಸುಮಾರು 12 ಗಂಟೆ, ಮೂತ್ರಪಿಂಡವನ್ನು ಒಂದು ದಿನಕ್ಕೂ ಮೇಲೆ ಐಸ್ ಪೆಟ್ಟಿಗೆಯಲ್ಲಿ ಕಾಪಾಡುವಂತೆ ಮಾಡಿತು. ಹೃದಯಕ್ಕೆ ಮಾತ್ರ ಇಂದಿಗೂ ನಾಲ್ಕೈದು ಗಂಟೆ. ಹಾಗೆ ಬಣ್ಣಗೆಟ್ಟು ತಣ್ಣಗೆ ಮಲಗಿದ ಅಂಗವನ್ನು ಕಂಡವರಾರೂ ನಿನ್ನ ಪ್ರಶ್ನೆಯನ್ನು ಕೇಳಲಿಲ್ಲ. ನೀವು ಅದನ್ನು ಬೆಚ್ಚಗೆ ಮಾಡಿದಿರಿ, ಪ್ರಶ್ನೆ ಹುಟ್ಟಿತು. ಯಾರೂ ಬೇಡವೆಂದ ಯಕೃತ್ತೊಂದನ್ನು ಜೂರಿಕ್‌ನಲ್ಲಿ ಮೂರು ದಿನ ಯಂತ್ರದಲ್ಲಿಟ್ಟು ಒಬ್ಬ ರೋಗಿಗೆ ಕಸಿ ಮಾಡಿ, ಆತ ಒಂದು ವರ್ಷದ ಬಳಿಕವೂ ಚೆನ್ನಾಗಿದ್ದಾನೆಂದು 2022ರಲ್ಲಿ ವರದಿ ಮಾಡಿದರಲ್ಲ, ಆ ಮೂರು ದಿನ ಅದು ಯಾರ ಯಕೃತ್ತಾಗಿತ್ತು ಎಂದು ನಿನ್ನಂಥವರು ಕೇಳಿಯೇ ಕೇಳುತ್ತೀರಿ. ಕೇಳಿದ್ದು ತಪ್ಪಲ್ಲ.

ನಿಜಕ್ಕೂ ಸತ್ತ ಕಣಗಳು ಹೇಗಿರುತ್ತವೆ ಎಂಬುದನ್ನು ನಾನು ಕಂಡದ್ದು ನನ್ನ ತಪ್ಪಿನಿಂದಲೇ. ಒಂದು ಬೇಸಿಗೆಯಲ್ಲಿ ದಿನವೂ ರಾತ್ರಿ ಕರೆಂಟು ಹೋಗುತ್ತಿದ್ದುದರಿಂದ, ಹೋಗುವ ಮೊದಲೇ ಇನ್ನಷ್ಟು ತಣ್ಣಗಾಗಿರಲಿ ಎಂದು ಫ್ರಿಜ್‌ನ ಗುಂಡಿಯನ್ನು ತಿರುಗಿಸಿಟ್ಟು ಮನೆಗೆ ಬಂದೆ. ಆ ರಾತ್ರಿ ಕರೆಂಟು ಹೋಗಲೇ ಇಲ್ಲ. ಬೆಳಗ್ಗೆ ಒಂಬತ್ತು ಚೀಲಗಳು ಕಲ್ಲಿನಂತಾಗಿದ್ದವು. ಸರಿಯಾಗಿ ನಿಂತ ರಕ್ತದಲ್ಲಿ ಕಣಗಳು ಕೆಳಗಿಳಿದು ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ ತಿಳಿಯಾಗಿ ನಿಲ್ಲುತ್ತದೆ. ಇವು ಕರಗಿದ ಮೇಲೆ ಆ ಗೆರೆಯೇ ಇರಲಿಲ್ಲ. ಮಂಜಿನ ಹರಳುಗಳು ಕಣಗಳನ್ನು ಸೀಳಿ, ಚೀಲವಿಡೀ ನೇರಳೆ ಹಣ್ಣು ಹಿಂಡಿದಂತೆ ಒಂದೇ ಬಣ್ಣವಾಗಿತ್ತು. ಒಂಬತ್ತನ್ನೂ ನಾನೇ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅಮೆರಿಕದ ಮಿನ್ನೆಸೋಟದ ಸಂಶೋಧಕರು 2023ರಲ್ಲಿ ಇಲಿಯ ಮೂತ್ರಪಿಂಡಗಳನ್ನು ಹರಳು ಕಟ್ಟಲು ಬಿಡದೆ ಗಾಜಿನಂತೆ ಗಟ್ಟಿಯಾಗಿಸಿ, ನೂರು ದಿನಗಳವರೆಗೆ ಇಟ್ಟು, ಕಬ್ಬಿಣದ ಅತಿಸೂಕ್ಷ್ಮ ಕಣಗಳ ಮೂಲಕ ಒಳಗೂ ಹೊರಗೂ ಒಮ್ಮೆಲೇ ಬಿಸಿಯೇರಿಸಿ ಮತ್ತೆ ಕಸಿ ಮಾಡಿದರೆಂದು ನೀನು ಬರೆದಾಗ ನನಗೆ ನೆನಪಾದದ್ದು ಆ ಒಂಬತ್ತು ಚೀಲಗಳೇ. ನಿನ್ನ ಯಕೃತ್ತಿನ ಕಣಗಳು ಹಾಗೆ ಸತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ನೀನು ಕೇಳಿದ್ದು ಕಣಗಳನ್ನು ಕುರಿತಲ್ಲ, ಮನುಷ್ಯರನ್ನು ಕುರಿತು. ಅದಕ್ಕೆ ಈಗ ಬರುತ್ತೇನೆ.

ನಿನ್ನ ದೊಡ್ಡವ್ವ ಹೇಗೆ ಹೋದಳೆಂಬುದು ನಿನಗೆ ಗೊತ್ತಿದೆ. ಬೆಂಗಳೂರಿನ ಆ ನಾಲ್ಕು ದಿನಗಳಲ್ಲಿ ನಿನಗಾಗಲಿ ನಿನ್ನ ಅಪ್ಪನಿಗಾಗಲಿ ಗೊತ್ತಿಲ್ಲದ ಒಂದು ಸಂಗತಿಯಿದೆ. ಎರಡನೆಯ ದಿನ ಸಂಜೆ, ನಿನ್ನ ಅಪ್ಪ ಹಣ ತರಲು ಹೋಗಿದ್ದಾಗ, ವೈದ್ಯರೊಬ್ಬರು ನನ್ನನ್ನು ಪಕ್ಕದ ಕೋಣೆಗೆ ಕರೆದು, ಆಕೆಯ ಮಿದುಳು ನಿಷ್ಕ್ರಿಯವಾಗಿದೆ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿದ್ದೇವೆ, ಮೂತ್ರಪಿಂಡಗಳು ಚೆನ್ನಾಗಿವೆ, ಯೋಚಿಸಿ ಎಂದರು. ನಾನು ಒಳಗೆ ಹೋಗಿ ಅವಳ ಕೈ ಹಿಡಿದೆ. ಅಂಗೈ ಬೆಚ್ಚಗಿತ್ತು. ಬೆರಳೊಂದು ಅಲುಗಿತು ಕೂಡ. ಅದು ಬೆನ್ನುಹುರಿಯ ಪ್ರತಿಕ್ರಿಯೆಯೆಂದೂ, ಮಿದುಳು ಸತ್ತ ಮೇಲೂ ಹಾಗಾಗುವುದುಂಟೆಂದೂ ಆಗ ನನಗೆ ತಿಳಿದಿರಲಿಲ್ಲ. ಹೊರಗೆ ಬಂದು, ನಮ್ಮ ಮನೆತನದ ಹಿರಿಯರು ಒಪ್ಪುವುದಿಲ್ಲ ಎಂದು ಹೇಳಿಬಿಟ್ಟೆ.

ಯಾವ ಹಿರಿಯರನ್ನೂ ನಾನು ಕೇಳಿರಲಿಲ್ಲ. ಆ ಹೊತ್ತಿಗೆ ಮನೆತನದಲ್ಲಿ ಉಳಿದಿದ್ದ ಹಿರಿಯನೆಂದರೆ ನಾನೇ.

ಆ 'ನಿಷ್ಕ್ರಿಯ' ಎಂಬ ಪದದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನನ್ನ ಹಳೆಯ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದೆ ಎಂದಾಗ ಒಂದು ಅರ್ಜಿಯನ್ನೂ ಆಧಾರ್ ಪ್ರತಿಯನ್ನೂ ಕೊಟ್ಟೆ, ಎಂಟು ದಿನಗಳಲ್ಲಿ ಚಾಲೂ ಆಯಿತು. ಅದೇ ಪದವನ್ನು ಹೆಂಡತಿಯ ಮಿದುಳಿಗೆ ಹೇಳಿದರೆ, ಕೇಳುವವನ ಮನಸ್ಸು ಯಾವ ಅರ್ಜಿ ಕೊಡಬೇಕೆಂದು ಹುಡುಕುತ್ತದೆಯೇ ಹೊರತು ಅವಳು ಸತ್ತಳೆಂದು ತಿಳಿಯುವುದಿಲ್ಲ. ಅವರು 'ಸತ್ತಿದ್ದಾರೆ' ಎಂದಿದ್ದರೆ ನಾನು ಒಪ್ಪುತ್ತಿದ್ದೆನೇ? ಹೇಳಲಾರೆ. ಪದದ ಮೇಲೆ ಹೊರಿಸುವುದು ಸುಲಭ.

ನಾಲ್ಕನೆಯ ದಿನ ನಸುಕಿನಲ್ಲಿ ಹೃದಯವೂ ನಿಂತಿತು. ಆಗ ಸಿಸ್ಟರ್ ಬಂದು ಮೊದಲು ಆರಿಸಿದ್ದು ಉಸಿರಿನ ಯಂತ್ರವನ್ನಲ್ಲ, ಮಂಚದ ಕೆಳಗಿದ್ದ ಒಂದು ಪೆಟ್ಟಿಗೆಯನ್ನು. ಅದರಿಂದ ಒಂದು ಸುಕ್ಕುಸುಕ್ಕು ಕೊಳವೆ ಮೇಲೆ ಬಂದು ಅವಳ ಹೊದಿಕೆಗೆ ಸೇರಿಕೊಂಡಿತ್ತು; ನಾನು ಮೂರು ದಿನ ಪಕ್ಕದಲ್ಲೇ ಕುಳಿತಿದ್ದರೂ ಅದನ್ನು ಗಮನಿಸಿರಲಿಲ್ಲ. ಪೆಟ್ಟಿಗೆಯ ಗುಂಯ್‌ಗುಡುವ ಸದ್ದು ನಿಂತದ್ದೇ ಹೊದಿಕೆ ಗಾಳಿ ಬಿಟ್ಟ ಚೀಲದಂತೆ ಅವಳ ಮೈಮೇಲೆ ಇಳಿಯಿತು. ಇದೇನೆಂದು ಕೇಳಿದೆ. ಬಿಸಿಗಾಳಿಯ ಹೊದಿಕೆ, ಮಿದುಳು ಹೋದ ಮೇಲೆ ಮೈಯ ಬಿಸಿಯನ್ನು ಮೈ ತಾನಾಗಿ ಕಾಪಾಡಿಕೊಳ್ಳಲಾರದು ಅಂಕಲ್, ಎಂದಳು ಆ ಹುಡುಗಿ. ಅಕ್ಷತಾ, ನಾನು ಯಾವ ಬಿಸಿಯನ್ನು ಅವಳ ಜೀವವೆಂದು ಹಿಡಿದುಕೊಂಡಿದ್ದೆನೋ ಅದಕ್ಕೆ ಮಂಚದ ಕೆಳಗೊಂದು ಪ್ಲಗ್ ಇತ್ತು.

ನಿನ್ನ ಸಾಲನ್ನು ಓದಿ ಹನ್ನೊಂದು ದಿನ ಪತ್ರ ಮಡಚಿಟ್ಟದ್ದು ಇದಕ್ಕೇ. ನಿನ್ನ ಪೆಟ್ಟಿಗೆಯೂ ಬಿಸಿ ಕೊಡುತ್ತದೆ.

ಆಮೇಲೆ ನಾನು ಕಾನೂನನ್ನು ಓದಿದೆ, ಮೊದಲೇ ಓದಬೇಕಾಗಿದ್ದವನು. ನಮ್ಮ ದೇಶದಲ್ಲಿ 1994ರ ಕಾಯ್ದೆಯ ಪ್ರಕಾರ ಮಿದುಳು ಕಾಂಡ, ಅಂದರೆ ಉಸಿರಾಟವನ್ನು ನಡೆಸುವ ಮಿದುಳಿನ ಬುಡ, ಸತ್ತಿದೆಯೆಂದು ನಾಲ್ವರು ವೈದ್ಯರು ಸಹಿ ಮಾಡಬೇಕು, ಆ ನಾಲ್ವರಲ್ಲಿ ಕಸಿ ಮಾಡುವ ತಂಡದವರು ಯಾರೂ ಇರಕೂಡದು. ಈ ಬೇಲಿ ಸುಮ್ಮನೆ ಬಂದದ್ದಲ್ಲ. ಕೇಪ್‌ಟೌನಿನಲ್ಲಿ ಬರ್ನಾರ್ಡ್ ಎಂಬ ಶಸ್ತ್ರವೈದ್ಯ 1967ರ ಡಿಸೆಂಬರ್ 3ರಂದು ಮೊದಲ ಹೃದಯವನ್ನು ಕಸಿ ಮಾಡಿದಾಗ ನನಗೆ ಹದಿಮೂರು ವರ್ಷ. ರೋಗಿ 18 ದಿನ ಬದುಕಿದ. ಎದೆ ಬಗೆದು ತೆಗೆದರಲ್ಲ, ಕೊಟ್ಟ ಹುಡುಗಿ ಸತ್ತಿದ್ದಳೋ ಇಲ್ಲವೋ ಎಂದು ನಿನ್ನ ಮುತ್ತಜ್ಜ ಕಟ್ಟೆಯ ಮೇಲೆ ಕುಳಿತು ಕೇಳಿದ್ದು ನನಗೆ ನೆನಪಿದೆ. ಹಾರ್ವರ್ಡಿನ ಸಮಿತಿ ಮಿದುಳಿನ ಸಾವಿಗೆ ಲಕ್ಷಣಗಳನ್ನು ಬರೆದುಕೊಟ್ಟದ್ದು ಮರುವರ್ಷ, 1968ರಲ್ಲಿ. ಅಂದರೆ ನಿನ್ನ ಭಯ ಈ ವಿದ್ಯೆಯ ಜೊತೆಯಲ್ಲೇ ಹುಟ್ಟಿದ್ದು, ಅದು ನಿನ್ನೊಬ್ಬಳ ಅಂಜುಬುರುಕುತನವಲ್ಲ. ಯೇಲ್ ವಿಶ್ವವಿದ್ಯಾಲಯದವರು 2019ರಲ್ಲಿ, ಕಸಾಯಿಖಾನೆಯಲ್ಲಿ ಸತ್ತು ನಾಲ್ಕು ಗಂಟೆಯಾದ ಹಂದಿಗಳ ಮಿದುಳಿಗೆ ದ್ರವ ಹರಿಸಿ ಕೋಶಗಳ ಕೆಲಸವನ್ನು ಮರಳಿಸಿದಾಗ, ಎಲ್ಲಾದರೂ ಪ್ರಜ್ಞೆಯ ಸುಳಿವು ಕಂಡರೆ ಕೂಡಲೇ ಅರಿವಳಿಕೆ ಕೊಟ್ಟು ನಿಲ್ಲಿಸಲು ಸಿದ್ಧರಾಗಿದ್ದರು. ಸುಳಿವು ಕಾಣಲಿಲ್ಲ, ಕೋಶಗಳು ದುಡಿದವು, ಮಿದುಳು ಎಚ್ಚರಗೊಳ್ಳಲಿಲ್ಲ. ಆದರೂ ಅವರು ಔಷಧವನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರು.

ನಿಮ್ಮಲ್ಲಿ ಹೃದಯ ನಿಂತು ಐದು ನಿಮಿಷ ಕಾದು ಸಾವನ್ನು ಘೋಷಿಸಿ, ಬಳಿಕ ಅದೇ ಹೃದಯವನ್ನು ಪೆಟ್ಟಿಗೆಯಲ್ಲಿ ಮತ್ತೆ ಮಿಡಿಯುವಂತೆ ಮಾಡುವ ಪದ್ಧತಿಯ ಬಗ್ಗೆ ಮಾತ್ರ ನನ್ನ ಉತ್ತರ ತಡವರಿಸುತ್ತದೆ. ಮಿಡಿಯಬಲ್ಲ ಹೃದಯ ನಿಂತುಹೋಗಿತ್ತು ಎಂದು ಹೇಗೆ ಹೇಳುವುದು? ರಕ್ತವಿಲ್ಲದ ಮಿದುಳು ಮರಳುವುದಿಲ್ಲ, ಸತ್ತದ್ದು ಆ ಮನುಷ್ಯ, ಹೃದಯವೆಂಬ ಮಾಂಸವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಗಲು ಹೊತ್ತಿನಲ್ಲಿ ಅದು ಸರಿಯೆಂದೇ ತೋರುತ್ತದೆ. ರಾತ್ರಿ ಎಚ್ಚರವಾದಾಗ ಅಷ್ಟು ಖಚಿತವಾಗಿ ಹೇಳಲಾರೆ. ನಿನಗೂ ರಾತ್ರಿಯೇ ಹಾಗನ್ನಿಸುತ್ತಿದ್ದರೆ, ರಾತ್ರಿ ಪಾಳಿಯಲ್ಲಿ ಆ ಯಂತ್ರದ ಪಕ್ಕ ಒಬ್ಬಳೇ ಕುಳಿತಿರಬೇಡ, ಜೊತೆಗೊಬ್ಬರನ್ನು ಕೇಳಿಕೋ. ಇದೇನು ದೊಡ್ಡ ಸಲಹೆಯಲ್ಲ.

ಇನ್ನೊಂದು ಹೇಳಬಹುದೋ ಏನೋ, ನಿಮ್ಮಲ್ಲಿ ಅನುಮತಿ ಸಿಗುವುದೋ ಇಲ್ಲವೋ ತಿಳಿಯದು. ಯಂತ್ರಕ್ಕೆ ಜೋಡಿಸಿದ ಮೇಲಿನದನ್ನಷ್ಟೇ ನೀನು ನೋಡಿರುವೆ, ಅದಕ್ಕೆ ಮುಂಚಿನದನ್ನು ಒಮ್ಮೆಯೂ ಕಂಡಿಲ್ಲ. ಮಿದುಳು ಸತ್ತಿದೆಯೇ ಎಂದು ನೋಡುವ ಉಸಿರಾಟದ ಪರೀಕ್ಷೆ ನಡೆಯುವಾಗ ಒಂದು ಮೂಲೆಯಲ್ಲಿ ನಿಲ್ಲಲು ಬಿಡುತ್ತಾರೆಯೇ ಎಂದು ನಿನ್ನ ಮಾರ್ಗದರ್ಶಕರನ್ನು ಕೇಳಿ ನೋಡು. ವೆಂಟಿಲೇಟರಿನಿಂದ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಲು ಬಿಟ್ಟು, ಎದೆ ಒಮ್ಮೆಯಾದರೂ ಏಳುತ್ತದೆಯೇ ಎಂದು ಎಲ್ಲರೂ ಕಣ್ಣು ಕೀಲಿಸಿ ಕಾಯುವ ಆ ಕೆಲವು ನಿಮಿಷಗಳನ್ನು ಬಂಧುಗಳಿಗೆ ತೋರಿಸಿದರೆ ಒಳ್ಳೆಯದೆಂದು ನನಗೆ ಈಗ ತೋರುತ್ತದೆ. ನನಗೆ ಯಾರೂ ತೋರಿಸಲಿಲ್ಲ. ನಾನೂ ತೋರಿಸಿ ಎನ್ನಲಿಲ್ಲ. ಅವಳ ಕೈಯನ್ನು ಹಿಡಿಯುವ ಬದಲು ಎದೆಯನ್ನು ನೋಡಿದ್ದರೆ ಇಬ್ಬರು ಡಯಾಲಿಸಿಸ್‌ನವರು ಕುರ್ಚಿ ಬಿಟ್ಟು ಏಳುತ್ತಿದ್ದರೋ ಏನೋ. ಅವರು ಯಾರೆಂದು ನನಗೆ ಎಂದೂ ತಿಳಿಯುವುದಿಲ್ಲ, ಅದೂ ಒಂದು ಬಗೆಯ ಶಿಕ್ಷೆ.

ಕೆಲಸ ಬಿಟ್ಟು ಬಂದುಬಿಡಲೇ ಎಂದು ನೀನು ಕೇಳಿಲ್ಲ, ಆದರೆ ಆ ಸಾಲಿನ ಹಿಂದೆ ಅದೂ ಇದ್ದಂತೆ ನನಗೆ ಕಂಡಿತು. ಬರುವುದಾದರೆ ಬಾ, ಮನೆಯಿದೆ. ಬಾರದಿದ್ದರೆ, ಆ ಸಂಶಯ ಪೂರ್ತಿ ಹೋಗಲಿ ಎಂದು ಕಾಯಬೇಡ. ಆ ಸಂಶಯವಿಲ್ಲದವರ ಕೈಯಲ್ಲಿ ಈ ಕೆಲಸವಿರುವುದು ನನಗೂ ಇಷ್ಟವಿಲ್ಲ.

ನಾನು ಅಂಗಾಂಗ ದಾನದ ನಮೂನೆ ತುಂಬಿ ಕಾರ್ಡನ್ನು ಇದೇ ಪಂಚಾಂಗದೊಳಗೆ ಇಟ್ಟಿದ್ದೇನೆ. ಈ ವಯಸ್ಸಿನಲ್ಲಿ ಕಣ್ಣುಗಳಾದರೂ ಆದಾವು, ಅವನ್ನು ಸತ್ತು ಆರು ಗಂಟೆಯೊಳಗೆ ತೆಗೆಯಬೇಕು. ಕಾರ್ಡಿದ್ದರೂ ಆ ಹೊತ್ತಿಗೆ ಮನೆಯವರು ಹೂಂ ಎನ್ನಬೇಕಾಗುತ್ತದೆ. ನಿನ್ನ ಅಪ್ಪನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ, ಏಕೆಂದರೆ ಇದನ್ನು ಹೇಳಹೊರಟರೆ ಬೆಂಗಳೂರಿನದನ್ನೂ ಹೇಳಬೇಕಾಗುತ್ತದೆ. ಯುಗಾದಿಗೆ ಬಂದಾಗ ನೀನು ಪಕ್ಕದಲ್ಲಿದ್ದರೆ ನಾನೇ ಹೇಳುತ್ತೇನೆ.

ಪಿತ್ತರಸ ಬಂತೆಂದು ಬರೆದೆಯೇ ಹೊರತು ಅದರ ಬಣ್ಣ ಹೇಗಿತ್ತೆಂದು ಬರೆಯಲಿಲ್ಲ. ತಿಳಿಯಾಗಿತ್ತೇ, ಗಾಢವಾಗಿತ್ತೇ? ಮುಂದಿನ ಪತ್ರದಲ್ಲಿ ಬರೆ.

ಇತಿ,
ನಿನ್ನ ದೊಡ್ಡಪ್ಪ