ಧೂಳನ್ನೂ ಲೆಕ್ಕಕ್ಕೆ ತಗೊಳ್ಳಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ಭೂಮಿ ಬಿಸಿಯಾಗುವ ಮಾತು ಬಂದರೆ ಎಲ್ಲರೂ ಹೊಗೆಯ ಬಗ್ಗೆ ಹೇಳುತ್ತಾರೆ. ಧೂಳಿನ ಸುದ್ದಿ ಯಾರೂ ಎತ್ತುವುದಿಲ್ಲ. ಧೂಳು ಅಂದರೆ ಗುಡಿಸಿ ಹಾಕುವಂಥದ್ದು, ಅಷ್ಟೇ ಅಲ್ವಾ?

ಬೋಳು ಹೊಲದಲ್ಲಿ ಜೋರು ಗಾಳಿ ಬೀಸುವಾಗ ಒಮ್ಮೆ ಬಗ್ಗಿ ನೋಡಿ. ಮೊದಲು ಏಳುವುದು ಧೂಳಲ್ಲ, ಮರಳಿನ ಕಾಳು. ಗೇಣು ಎತ್ತರ ಜಿಗಿದು ಬೀಳುತ್ತದೆ, ಬಿದ್ದ ಕಡೆ ನೆಲಕ್ಕೆ ಗುದ್ದುತ್ತದೆ. ಆ ಗುದ್ದಿಗೆ ಹಿಟ್ಟಿನಂಥ ಮಣ್ಣು ಮೇಲೇಳುತ್ತದೆ. ಈ ನುಣ್ಣನೆ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬರೀ ಗಾಳಿಗೆ ಸುಲಭವಾಗಿ ಜಗ್ಗುವುದಿಲ್ಲ. ನೆಲದ ಮೇಲೆ ಹುಲ್ಲೋ, ಕೊಯ್ದ ಪೈರಿನ ಕೂಳೆಯೋ, ಮಳೆ ಬಿದ್ದು ಒಣಗಿದ ಹಕ್ಕಳೆಯೋ ಇದ್ದರೆ ಮರಳಿನ ಈ ಕುಣಿತ ಶುರುವಾಗುವುದೇ ಕಷ್ಟ. ಆ ಹಕ್ಕಳೆ ಒಡೆಯುವುದು ನಮ್ಮ ನೇಗಿಲು, ನಮ್ಮ ಗಾಡಿ, ನಮ್ಮ ದನಕುರಿಗಳ ಗೊರಸು.

ಕೈಗಾರಿಕೆ ಬರುವ ಮುಂಚಿಗಿಂತ ಈಗ ಗಾಳಿಯಲ್ಲಿ ಸುಮಾರು ಶೇ. 55ರಷ್ಟು ಜಾಸ್ತಿ ಧೂಳಿದೆ ಎಂದು ವಿಜ್ಞಾನಿಗಳು 2023ರಲ್ಲಿ ಅಂದಾಜು ಮಾಡಿದರು. ಅದೆಲ್ಲ ನಮ್ಮದೇ ಕೈವಾಡ ಅಂತಲ್ಲ. ಆದರೆ ಮಧ್ಯ ಏಷ್ಯಾದ ಅರಲ್ ಸಮುದ್ರ? 1960ರ ದಶಕದಿಂದ ಹತ್ತಿ ಹೊಲಗಳಿಗೆ ನದಿ ತಿರುಗಿಸಿ ಅದನ್ನು ಒಣಗಿಸಿದ್ದು ಮನುಷ್ಯರೇ. ಈಗ ಅದರ ತಳದಿಂದ ಉಪ್ಪು ಬೆರೆತ ಧೂಳು ಏಳುತ್ತದೆ.

ಇನ್ನೊಂದು ವಿಷಯ ನಿಮ್ಮ ಕಿವಿಗೆ ಬೀಳಬಹುದು: ಧೂಳು ಭೂಮಿಯನ್ನು ತಂಪು ಮಾಡುತ್ತದಂತೆ, ಬಿಡಿ ಸಾರ್! ಅರ್ಧ ನಿಜ. ನುಣ್ಣನೆ ಕಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ದಪ್ಪ ಕಣ ನೆಲದ ಕಾವನ್ನು ತಡೆದಿಡುತ್ತದೆ. ಕೂಡಿ ಕಳೆದರೆ ಅದೇ 2023ರ ಲೆಕ್ಕದಲ್ಲಿ ಉಳಿಯುವುದು ಚೂರು ತಂಪು, ಅದೂ ಖಾತ್ರಿಯಿಲ್ಲ. ಧೂಳು ಹೆಚ್ಚೆಂದರೆ ಒಂದೆರಡು ವಾರದಲ್ಲಿ ಕೆಳಗಿಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಮೇಲೇ ಕೂತಿರುತ್ತದೆ. ಇಳಿದ ಧೂಳೂ ಸುಮ್ನೆ ಇರಲ್ಲ. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಹಿಮದ ಮೇಲೆ ಕೂತು ಬಿಳುಪನ್ನು ಕಂದು ಮಾಡುತ್ತದೆ. ಕಂದು ಹಿಮ ಬಿಸಿಲು ಹೀರುತ್ತದೆ, ವಾರಗಟ್ಟಲೆ ಮುಂಚೆಯೇ ಕರಗಿ ಹರಿದುಹೋಗುತ್ತದೆ. ನೀರು ಬೇಕಾದ ಹೊತ್ತಿಗೆ ಹೊಳೆ ಸಣಕಲು.

ಆ ದೇಶದಲ್ಲೇ 1930ರ ದಶಕದಲ್ಲಿ ಹುಲ್ಲುಗಾವಲು ಉತ್ತ ಮಣ್ಣು ವಾಷಿಂಗ್ಟನ್ ತನಕ ಹಾರಿಬಂತು. 1935ರ ಏಪ್ರಿಲ್‌ನಲ್ಲಿ ಮಣ್ಣು ಉಳಿಸುವ ಕಾಯ್ದೆ ಬಂದದ್ದು ಅದಾದ ಮೇಲೆ.

ನನ್ನ ಕೋರಿಕೆ ಚಿಕ್ಕದು. ಕೆರೆ ಬರಿದಾಗುವ, ಹುಲ್ಲುಗಾವಲು ಕಿತ್ತುಹೋಗುವ ಯಾವುದೇ ಯೋಜನೆಯ ಕಡತ ಬಂದರೂ, ಸಹಿ ಹಾಕುವ ಮುಂಚೆ ಒಂದು ಹಾಳೆ ಹೆಚ್ಚಿಗೆ ಕೇಳಿ: ಅಲ್ಲಿಂದ ಎಷ್ಟು ಧೂಳು ಏಳುತ್ತದೆ, ಎಲ್ಲಿ ಹೋಗಿ ಬೀಳುತ್ತದೆ?

ಇಂತಿ,
ಒಬ್ಬ ನಾಗರಿಕ