ವಾಹನಗಳ ಬಾಳಿಕೆ ಪರೀಕ್ಷೆಗೆ ಕರಾವಳಿಯ ಹವೆಯೂ ಸೇರಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದಿಂದ ಭಟ್ಕಳದವರೆಗಿನ ಯಾವ ಗ್ಯಾರೇಜಿಗೆ ಹೋದರೂ ಹಳದಿಗಟ್ಟಿ ಮಬ್ಬಾದ ಹೆಡ್‌ಲೈಟ್, ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಬಂಪರ್, ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ಹಿಡಿದು ಪೇಂಟ್ ಉಬ್ಬಿದ ವಾಹನಗಳು ಕಾಣಸಿಗುತ್ತವೆ. ಮಾಲೀಕರು ಸರಿಯಾಗಿ ತೊಳೆಯಲಿಲ್ಲ ಎನ್ನುವುದು ಇದಕ್ಕೆ ಸಿಗುವ ಸುಲಭದ ಉತ್ತರ. ವಸ್ತುಗಳ ಬಾಳಿಕೆಯನ್ನು ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ.

ಬಿಸಿಲು ಮಳೆಗಳು ವರ್ಷಗಟ್ಟಲೆ ಮಾಡುವ ಹಾನಿಯನ್ನು ಕೆಲವೇ ತಿಂಗಳಲ್ಲಿ ಅಂದಾಜಿಸಲು ಪ್ರಯೋಗಾಲಯಗಳಲ್ಲಿ ಬಿಸಿಲನ್ನು ಹೋಲುವ ಬೆಳಕು ಬೀರುವ ಕ್ಸೆನಾನ್ ದೀಪದ ಪೆಟ್ಟಿಗೆಗಳನ್ನು ಬಳಸುತ್ತಾರೆ. ವಾಹನದ ಹೊರಭಾಗದ ವಸ್ತುಗಳಿಗಾಗಿ ಇರುವ, ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2527 ಮಾನದಂಡದಲ್ಲಿ ಮೂರು ಗಂಟೆಗಳ ಒಂದು ಸುತ್ತಿನಲ್ಲಿ ಒಂದು ಗಂಟೆ ಕತ್ತಲೆಯಲ್ಲಿ ನೀರು ಸಿಂಪಡಿಸಿ, ಉಳಿದ ಎರಡು ಗಂಟೆ ಪ್ರಖರ ಬೆಳಕು ಬಿಟ್ಟು, ಆ ಬೆಳಕಿನ ನಡುವೆಯೂ 20 ನಿಮಿಷ ನೀರು ಹಾಯಿಸಲಾಗುತ್ತದೆ. ಒಳಭಾಗದ ಡ್ಯಾಶ್‌ಬೋರ್ಡ್, ಸೀಟಿನ ಬಟ್ಟೆಗಳಿಗಿರುವ ಜೆ2412ರಲ್ಲಿ ತಾಪ ಅಳೆಯಲು ಮಾದರಿಗಳ ಜೊತೆಗಿಡುವ ಕಪ್ಪು ಫಲಕದ ತಾಪವನ್ನು 89 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾರೆ. ಬಣ್ಣ ಮಾಸುವುದು, ಹೊಳಪು ಇಳಿಯುವುದು, ಬಿರುಕು ಬಿಡುವುದು ಇವುಗಳಿಂದ ಚೆನ್ನಾಗಿ ತಿಳಿಯುತ್ತವೆ. ಶಿರಸಿಯ ಮಳೆಗಾಲದಲ್ಲಿ ಸೀಟುಗಳಿಗೆ ಬೂಸ್ಟು ಹಿಡಿಯುವುದನ್ನು ಮಾತ್ರ ಇವು ಅಳೆಯುವುದಿಲ್ಲ.

ಕ್ಸೆನಾನ್ ಪೆಟ್ಟಿಗೆಯಲ್ಲಿ ಸಿಂಪಡಿಸುವುದು ಲವಣವೇ ಇಲ್ಲದಂತೆ ಶುದ್ಧೀಕರಿಸಿದ ನೀರು. ತುಕ್ಕಿನ ಪರೀಕ್ಷೆಗೆ ಬೇರೆಯೇ ಪೆಟ್ಟಿಗೆಯಿದೆ: ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9227ರ ಪ್ರಕಾರ ಅಲ್ಲಿ 35 ಡಿಗ್ರಿ ಉಷ್ಣತೆಯಲ್ಲಿ ಶೇ 5ರ ಉಪ್ಪುನೀರಿನ ಮಂಜನ್ನು ಎಡೆಬಿಡದೆ ಹಾಯಿಸುತ್ತಾರೆ, ಬಿಸಿಲಿನಂಥ ಬೆಳಕು ಅಲ್ಲಿರುವುದಿಲ್ಲ. ಹೀಗೆ ಬಿಸಿಲು ಒಂದು ಕಡೆ, ಉಪ್ಪು ಇನ್ನೊಂದು ಕಡೆ ಉಳಿದುಬಿಡುತ್ತದೆ. ನಮ್ಮ ಕಡಲತೀರದಲ್ಲಿ ಇವೆರಡೂ ಒಂದೇ ದಿನ, ಒಂದೇ ತಗಡಿನ ಮೇಲೆ ಕೆಲಸ ಮಾಡುತ್ತವೆ. ಅತಿನೇರಳೆ ಕಿರಣಗಳು ಪೇಂಟಿನ ಮೇಲ್ಪದರವನ್ನು ಸವೆಸಿ ಸಣ್ಣ ಬಿರುಕುಗಳನ್ನು ಮಾಡುತ್ತವೆ. ಮಧ್ಯಾಹ್ನದ ಕಡಲಗಾಳಿ ಅಲ್ಲಿ ಉಪ್ಪನ್ನು ತಂದಿಡುತ್ತದೆ. ರಾತ್ರಿ ಗಾಳಿಯ ತೇವಾಂಶ ಶೇ 75 ದಾಟಿದೊಡನೆ ಆ ಉಪ್ಪು ತಾನಾಗಿ ನೀರೊಡೆದು ಬಿರುಕಿನೊಳಗೆ ಇಳಿಯುತ್ತದೆ. ಮರುದಿನ ಮತ್ತೆ ಒಣಗುತ್ತದೆ. ಒದ್ದೆಯಾಗುವುದು, ಒಣಗುವುದು ಹೀಗೆ ಸರದಿಯಲ್ಲಿ ನಡೆದಾಗಲೇ ತುಕ್ಕು ಬಲಿಯುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಸಾವಿರ ಗಂಟೆ ತಾಳಿದ ವಸ್ತು ಅಂಕೋಲಾದಲ್ಲೋ ಕುಮಟಾದಲ್ಲೋ ಇಂತಿಷ್ಟು ವರ್ಷ ಬಾಳುತ್ತದೆಂದು ನೇರ ಲೆಕ್ಕ ಹಾಕಲಾಗದು.

ಪರೀಕ್ಷೆಗಳನ್ನು ಸ್ಥಳದ ಹವೆಗೆ ಹೊಂದಿಸುವುದು ಹೊಸ ಮಾತೇನಲ್ಲ. ಅಮೆರಿಕದಲ್ಲಿ ದಕ್ಷಿಣ ಫ್ಲೋರಿಡಾ ಮತ್ತು ಅರಿಜೋನಾದ ಬಯಲುಗಳಲ್ಲಿ ಮಾದರಿ ಫಲಕಗಳನ್ನು ವರ್ಷಗಟ್ಟಲೆ ಬಿಸಿಲಿಗೊಡ್ಡುತ್ತಾರೆ. ಫ್ಲೋರಿಡಾದ ರಾತ್ರಿಯ ತೇವಕ್ಕೆ ಪೇಂಟ್ ನೆನೆಯುವಷ್ಟು ಹಳೆಯ ಪರೀಕ್ಷೆಯಲ್ಲಿ ನೆನೆಯುತ್ತಿರಲಿಲ್ಲವೆಂದು ಕಂಡುಕೊಂಡು, ನೀರಿನ ಅವಧಿಯನ್ನು ಹೆಚ್ಚಿಸಿದ, ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಡಿ7869 ಮಾನದಂಡವನ್ನು 2013ರಲ್ಲಿ ಹೊರತಂದರು. ಅಲ್ಲಿನ ಒಂದು ರಾಜ್ಯದ ಇಬ್ಬನಿಗೆ ಸಿಕ್ಕ ಮನ್ನಣೆ ಅರಬ್ಬೀ ಕಡಲಿನ ಉಪ್ಪುಗಾಳಿಗೆ ಮತ್ತು ನಮ್ಮ ನಾಲ್ಕು ತಿಂಗಳ ಮಳೆಗೂ ಸಿಗಬೇಕು.

ಪುಣೆಯ ಎಆರ್‌ಎಐ ಅಥವಾ ಚೆನ್ನೈ ಬಳಿಯ ಜಿಎಆರ್‌ಸಿಯಂಥ ವಾಹನ ಪರೀಕ್ಷಾ ಸಂಸ್ಥೆಗಳು ಕಾರವಾರದ ಕಡಲಂಚಿನಲ್ಲಿ ಒಂದು, ಘಟ್ಟದ ಮೇಲೆ ಶಿರಸಿಯಲ್ಲಿ ಒಂದು ಬಯಲು ಪರೀಕ್ಷಾ ತಾಣವನ್ನು ತೆರೆದು, ಅಲ್ಲಿನ ಫಲಿತಾಂಶವನ್ನು ಪ್ರಯೋಗಾಲಯದ ಫಲಿತಾಂಶದೊಡನೆ ತಾಳೆ ನೋಡಬೇಕು. ಇದಕ್ಕೆ ಬೇಕಾಗುವುದು ಬೇಲಿ ಹಾಕಿದ ಸ್ವಲ್ಪ ಜಾಗ, ದಕ್ಷಿಣಕ್ಕೆ ಮುಖ ಮಾಡಿದ ಚೌಕಟ್ಟುಗಳು ಮತ್ತು ಹವೆಯ ದಾಖಲೆಯನ್ನು ತಪ್ಪದೆ ಇಡುವ ಸಿಬ್ಬಂದಿ. ಹಾಗೆಯೇ ಪೇಂಟ್, ಹೆಡ್‌ಲೈಟ್‌ಗಳನ್ನು ಯಾವ ಮಾನದಂಡದಲ್ಲಿ ಎಷ್ಟು ಗಂಟೆ ಪರೀಕ್ಷಿಸಲಾಗಿದೆ ಎಂಬುದನ್ನು ತಯಾರಕರು ವಾರಂಟಿ ಪುಸ್ತಕದಲ್ಲಿ ಕನ್ನಡದಲ್ಲಿಯೂ ಮುದ್ರಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಕಾರವಾರ