ವಯಸ್ಸು ಕೇಳುವ ಮೊದಲು ಬಂಡೆಯ ಸೀಳು ನೋಡು

ಬೆಂಗಳೂರು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂ.ಎಸ್ಸಿ. ಪ್ರಬಂಧಕ್ಕೆ ಲಾಲ್‌ಬಾಗ್‌ನಿಂದ ಕಬ್ಬಾಳದುರ್ಗದವರೆಗಿನ ಬಂಡೆಗಳನ್ನು, ಅಂದರೆ ಇಲ್ಲಿ ಎದ್ದು ಸವೆದುಹೋದ ಹಳೆಯ ಪರ್ವತದ ಬುಡವನ್ನು, ಆರಿಸಿಕೊಂಡಿದ್ದೀಯ ಎಂದು ತಿಳಿದು ಬಹಳ ಸಂತೋಷವಾಯಿತು. ವಯಸ್ಸು ಅಳೆಯಲು ಯಾವ ಕಲ್ಲನ್ನು ಮೊದಲು ಲ್ಯಾಬಿಗೆ ಕಳಿಸಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಯಾವುದನ್ನೂ ಕಳಿಸಬೇಡ. ಯಾವ ಕಲ್ಲು ಯಾವುದನ್ನು ಸೀಳಿದೆ ಎಂದು ಗೊತ್ತಿಲ್ಲದಿದ್ದರೆ, ಲ್ಯಾಬಿನಿಂದ ಬರುವ ಅಂಕಿ ಪರ್ವತದ ಯಾವ ಘಟ್ಟಕ್ಕೆ ಸೇರಿದ್ದು ಎಂದು ಹೇಳಲಾಗುವುದಿಲ್ಲ.

ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯಿಂದಲೇ ಶುರು ಮಾಡು. ಅದು ಪೆನಿನ್ಸುಲರ್ ನೈಸ್, ಅಂದರೆ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು, ಸುಮಾರು 300 ಕೋಟಿ ವರ್ಷ ಹಳೆಯದು. ಮಳೆ ನಿಂತ ಮೇಲೆ ಹೋಗು, ಒದ್ದೆ ಕಲ್ಲಿನಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ. ಬಿಳಿ ಪಟ್ಟೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಯಲ್ಲಿ ಬಯೋಟೈಟ್ ಮತ್ತು ಹಾರ್ನ್‌ಬ್ಲೆಂಡ್ ಎಂಬ ಖನಿಜಗಳು. ಪಟ್ಟೆಯ ಜೊತೆಗೇ ಮಡಚಿಕೊಂಡ ಬಿಳಿ ಎಳೆ ಆ ಮಡಿಕೆಗಿಂತ ಹಳೆಯದು. ಮಡಿಕೆಯನ್ನು ನೆಟ್ಟಗೆ ಕತ್ತರಿಸಿಕೊಂಡು ಹೋದ ಎಳೆ ಆಮೇಲಿನದು. ಸೀಳಿದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು. ಈ ಅನುಕ್ರಮವನ್ನು ಅಲ್ಲೇ ಕೂತು ಪುಸ್ತಕದಲ್ಲಿ ಬರೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಚೀಲದಿಂದ ಹೊರಗೆ ಬರಲೇಬಾರದು.

ರಾಮನಗರದ ಕಲ್ಲು ಬೇರೆಯೇ. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ, ಅದರಿಂದಲೇ ಕ್ಲೋಸ್‌ಪೇಟ್ ಗ್ರಾನೈಟ್. ನೈಸ್ ಒಳಗೆ ಕರಗಿದ ಶಿಲೆಯಾಗಿ ನುಗ್ಗಿ, ಸುಮಾರು 250 ಕೋಟಿ ವರ್ಷಗಳ ಹಿಂದೆ ಗಟ್ಟಿಯಾದದ್ದು; ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅದರಲ್ಲಿ ಬೆರಳುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರುವುದನ್ನು ಕಾಣುತ್ತೀಯ. ಹೆಚ್ಚಿನವರು ಎಡವುವುದು ಇಲ್ಲೇ. ಸಾಲಾಗಿ ಮಲಗಿದೆ ಎಂದ ಮಾತ್ರಕ್ಕೆ ಗಟ್ಟಿಯಾದ ಮೇಲೆ ಹಿಂಡಿಸಿಕೊಂಡಿದೆ ಎಂದು ಬರೆದುಬಿಡುತ್ತಾರೆ. 10 ಪಟ್ಟಿನ ಲೆನ್ಸ್ ಹಿಡಿದು ಹರಳುಗಳ ನಡುವಿನ ಬೆಣಚನ್ನು ನೋಡು. ಹರಳು ಒಡೆಯದೆ ಅಂಚು ನೇರವಾಗಿದ್ದು, ಬೆಣಚು ಉರುಟು ಕಾಳಾಗಿಯೇ ಉಳಿದಿದ್ದರೆ, ಶಿಲಾರಸ ಇನ್ನೂ ಹರಿಯುತ್ತಿದ್ದಾಗಲೇ ಹರಳುಗಳು ಸಾಲುಗಟ್ಟಿದವು ಎಂದು ತಿಳಿ. ಬೆಣಚು ರಿಬ್ಬನ್ನಿನಂತೆ ಎಳೆದು, ಫೆಲ್ಡ್‌ಸ್ಪಾರ್ ಬಿರುಕು ಬಿಟ್ಟಿದ್ದರೆ ಒತ್ತಡ ಬಿದ್ದದ್ದು ಗಟ್ಟಿಯಾದ ಮೇಲೆ. ಗ್ರಾನೈಟ್ ಬಂದದ್ದು ನೆಲ ಹಿಂಡಿಸಿಕೊಳ್ಳುತ್ತಿದ್ದಾಗಲೋ, ಅದಕ್ಕೂ ಮೊದಲೋ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ. ಕಣ್ಣಿಗೆ ಸಂದೇಹವಿದ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಲು 0.03 ಮಿಲಿಮೀಟರ್ ದಪ್ಪದ ತೆಳುಚ್ಛೇದ ಮಾಡಿಸು. ಅದಕ್ಕೆ ಕಲ್ಲು ಒಡೆಯುವ ಮೊದಲೇ ಅದರ ಮೇಲೆ ದಿಕ್ಕು ಮತ್ತು ಇಳಿಜಾರಿನ ಗುರುತು ಹಾಕು. ಒಡೆದ ಮೇಲೆ ಹಾಕಿದ ಗುರುತಿಗೆ ಬೆಲೆಯಿಲ್ಲ. ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಅದರ ಹೊರಗೆ ಸಿಗುವ ಬಂಡೆಗಳೇ ನಿನ್ನ ಕೆಲಸಕ್ಕೆ ಸಾಕು.

ಕಬ್ಬಾಳದುರ್ಗಕ್ಕೆ ಒಂದು ಇಡೀ ದಿನ ಮೀಸಲಿಡು. ಬೂದು ನೈಸ್‌ನ ಮೇಲೆ ಎಣ್ಣೆ ಚೆಲ್ಲಿದಂತೆ ಕಡು ಹಸಿರು ಕಲೆಗಳಿರುತ್ತವೆ. ಅದು ಚಾರ್ನೊಕೈಟ್. ಬಿರುಕುಗಳ ಗುಂಟ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ, ನೀರು ಕಡಿಮೆಯಾಗಿ, ಬಯೋಟೈಟ್ ಮತ್ತು ಹಾರ್ನ್‌ಬ್ಲೆಂಡ್ ಮುರಿದು ಪೈರಾಕ್ಸೀನ್ ಎಂಬ ನೀರಿಲ್ಲದ ಖನಿಜ ಹುಟ್ಟಿದ ಜಾಗ. ನೈಸ್‌ನ ಪಟ್ಟೆ ಆ ಕಲೆಯೊಳಗೆ ಹೊಕ್ಕು ಹೇಗೆ ಮಸುಕಾಗುತ್ತದೆ ಎಂದು ಬೆರಳಿಟ್ಟು ಅನುಸರಿಸು. ಪಟ್ಟೆ ಮೊದಲು, ಕಲೆ ಆಮೇಲೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಇದಕ್ಕೆ 700 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ, ಸುಮಾರು 5 ಕಿಲೋಬಾರ್ (ಗಾಳಿಯ ಒತ್ತಡದ ಸುಮಾರು ಐದು ಸಾವಿರ ಪಟ್ಟು) ಒತ್ತಡ ಬೇಕು. ಒಂದು ಕಿಲೋಬಾರ್‌ಗೆ ಮೂರೂವರೆ ಕಿಲೋಮೀಟರ್ ಆಳ ಎಂದು ಲೆಕ್ಕ ಹಾಕು: ನೀನು ನಿಂತಿರುವ ನೆಲ ಒಂದು ಕಾಲಕ್ಕೆ 17 ಕಿಲೋಮೀಟರ್‌ಗೂ ಆಳದಲ್ಲಿತ್ತು. ಮೇಲಿದ್ದದ್ದೆಲ್ಲ ಸವೆದು ಹೋಗಿದೆ. ಉತ್ತರಕ್ಕೆ ಸಂಡೂರಿನ ಕಡೆ ಹೋದರೆ ಕಡಿಮೆ ಬಿಸಿಯಲ್ಲಿ ಹುಟ್ಟಿದ, ಹಾಳೆಯಂತೆ ಬಿಡಿಸಿಕೊಳ್ಳುವ ಹಸಿರು ಕಲ್ಲು, ಕ್ಲೋರೈಟ್ ಶಿಸ್ಟ್ ಸಿಗುತ್ತದೆ. ಅಂದರೆ ಬಳ್ಳಾರಿ ಸೀಮೆಯಿಂದ ಕಬ್ಬಾಳದುರ್ಗವಿರುವ ಕನಕಪುರಕ್ಕೆ ಬರುವುದೆಂದರೆ ವಾಲಿದ ಭೂಚಿಪ್ಪಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ಬಂದಂತೆ.

ಗಾರ್ನೆಟ್ ಎಂಬ ಕೆಂಪು ಹರಳು ಸಿಕ್ಕರೆ ಅದರ ಅಂಚನ್ನು ಮಾತ್ರ ನಂಬಿ, ಕಲ್ಲು ಎಷ್ಟು ಬಿಸಿಯಾಗಿತ್ತು ಎಂದು ಲೆಕ್ಕ ಹಾಕಬೇಡ. ಕಲ್ಲು ತಣ್ಣಗಾಗುವಾಗ ಪಕ್ಕದ ಬಯೋಟೈಟ್ ಜೊತೆ ಕಬ್ಬಿಣ, ಮೆಗ್ನೀಸಿಯಂ ಅದಲು ಬದಲಾಗಿ ನೂರು ಡಿಗ್ರಿ ಕಡಿಮೆ ತೋರಿಸಬಹುದು. ನಡುವಿನಿಂದ ಅಂಚಿನವರೆಗೆ ಸಾಲಾಗಿ ಅಳೆಸು.

ವಯಸ್ಸಿನ ಕೆಲಸ ಇಷ್ಟೆಲ್ಲ ಆದ ಮೇಲೆ. ಗ್ರಾನೈಟ್, ನೈಸ್‌ಗಳಿಂದ ತಲಾ 3 ಕಿಲೋ ತಾಜಾ ಕಲ್ಲು ತಾ, ಶಿಥಿಲವಾದ ಹೊರ ಸಿಪ್ಪೆ ತೆಗೆದುಬಿಡು. ಕಲ್ಲು ಪುಡಿ ಮಾಡುವ ಯಂತ್ರವನ್ನು ನೀನೇ ನಿಂತು ತೊಳೆಸು. ವಯಸ್ಸು ಅಳೆಯುವುದು ಜಿರ್ಕಾನ್ ಎಂಬ ಪುಟ್ಟ ಹರಳಿನಲ್ಲಿ; ಹಿಂದಿನವರ ಮಾದರಿಯ ಒಂದು ಜಿರ್ಕಾನ್ ಉಳಿದರೂ ನಿನ್ನ ಫಲಿತಾಂಶ ಕೆಡುತ್ತದೆ. ಜಿರ್ಕಾನ್‌ನ ತಿರುಳಿಗೆ ಒಂದು ವಯಸ್ಸು, ಹೊರ ಬಳೆಗೆ ಇನ್ನೊಂದು ವಯಸ್ಸು ಇರಬಹುದು. ಮೊದಲು ಹರಳಿನ ಒಳ ಪದರಗಳನ್ನು ತೋರಿಸುವ ಕ್ಯಾಥೋಡೊಲ್ಯುಮಿನೆಸೆನ್ಸ್ ಚಿತ್ರ ತೆಗೆಸಿ, ಆಮೇಲೆ ಎಲ್ಲಿ ಅಳೆಯಬೇಕೆಂದು ಚುಕ್ಕಿ ಹಾಕು. ತಿರುಳು, ಬಳೆ ಎರಡರ ಮೇಲೂ ಬಿದ್ದ ಚುಕ್ಕಿಯ ಅಂಕಿ ಯಾವ ಘಟನೆಯದ್ದೂ ಅಲ್ಲ.

ಬೆಂಗಳೂರಿನ ಸುತ್ತ ಪೂರ್ವ-ಪಶ್ಚಿಮವಾಗಿ ಹೋದ ಕರಿಕಲ್ಲಿನ ಡೈಕುಗಳನ್ನು, ಅಂದರೆ ಬಿರುಕಿಗೆ ಶಿಲಾರಸ ನುಗ್ಗಿ ಗೋಡೆಯಂತೆ ಗಟ್ಟಿಯಾದ ಕಲ್ಲುಗಳನ್ನು, ಮರೆಯಬೇಡ. ಅವು ಸುಮಾರು 237 ಕೋಟಿ ವರ್ಷದವು, ಮಡಚದೆ ನೆಟ್ಟಗೆ ನಿಂತಿವೆ. ಅಷ್ಟು ಹೊತ್ತಿಗೆ ಇಲ್ಲಿನ ಹಿಂಡಾಟ ಮುಗಿದಿತ್ತು ಎಂದು ಅವೇ ಹೇಳುತ್ತವೆ. ವ್ಯಾಪಾರದಲ್ಲಿ ಇಂಥ ಕಲ್ಲನ್ನು ಬ್ಲ್ಯಾಕ್ ಗ್ರಾನೈಟ್ ಎನ್ನುತ್ತಾರೆ, ಅದು ಡಾಲರೈಟ್. ಹೆಸರು ತಪ್ಪಾದರೂ ಜಿಗಣಿಯ ಪಾಲಿಶ್ ಕಾರ್ಖಾನೆಗಳಿಗೆ ಖಂಡಿತ ಹೋಗು. ಅಲ್ಲಿನ ನೈಸ್ ಚಪ್ಪಡಿಗಳಲ್ಲಿ ಮಡಿಕೆ, ಎಳೆಗಳು ಕನ್ನಡಿಯಷ್ಟು ಸ್ಪಷ್ಟವಾಗಿರುತ್ತವೆ.

ಇನ್ನೊಂದು ಮಾತು. ಮೊದಲ ಅಧ್ಯಾಯದಲ್ಲೇ ಇದು ಹಿಮಾಲಯದಂಥ ಪರ್ವತ ಎಂದು ಬರೆಯಬೇಡ. 250 ಕೋಟಿ ವರ್ಷಗಳ ಹಿಂದೆ ಭೂಚಿಪ್ಪು ಈಗಿನದಕ್ಕಿಂತ ಬಿಸಿಯಾಗಿತ್ತು, ಮೆದುವಾಗಿತ್ತು. ಆಗಿನ ಪರ್ವತಗಳು ಈಗಿನಂತೆಯೇ ಎದ್ದವೇ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಲಾಲ್‌ಬಾಗ್, ರಾಮನಗರ, ಕಬ್ಬಾಳದುರ್ಗ ಮೂರೂ ಮುಗಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಒಂದೇ ಪುಟದಲ್ಲಿ ಬರೆದು ಅದರ ಫೋಟೋ ಕಳಿಸು. ಯಾವ ಕಲ್ಲು ಲ್ಯಾಬಿಗೆ ಹೋಗಬೇಕೆಂದು ಆಗ ಕೂತು ಆರಿಸೋಣ.

ಇಂತಿ,
ನಿನ್ನ ದೊಡ್ಡಪ್ಪ